ಬ್ಯಾಡಗಿ ಬ್ರಾಂಚಿನ ತಿರುಗುವ ಕುರ್ಚಿ

ಹೋದ ತಿಂಗಳು ಒಂದು ಕಬ್ಬಿಣದ ಕಪಾಟು ನೋಡಲು ರಾಣೆಬೆನ್ನೂರಿಗೆ ಹೋಗಿದ್ದೆ. ಮೇಡ್ಲೇರಿ ರಸ್ತೆಯಲ್ಲಿ ಹಳೆಯ ಸಾಮಾನು ಮಾರುವ ಅಂಗಡಿ. ಕಾಲು ಮುರಿದ ಮಂಚಗಳು, ಕನ್ನಡಿ ಇಲ್ಲದ ಡ್ರೆಸ್ಸಿಂಗ್ ಟೇಬಲ್ಲು, ಯಾವುದೋ ಶಾಲೆಯ ಬೆಂಚುಗಳು... ಇವೆಲ್ಲದರ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು, ಹಸಿರು ರೆಕ್ಸಿನ್ನಿನ ಒಂದು ತಿರುಗುವ ಕುರ್ಚಿ ನಿಂತಿತ್ತು. ಅದರ ಕೈಗಳಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಕಿತ್ತಿರಲಿಲ್ಲ. ಬೆನ್ನಿನ ಮೇಲ್ತುದಿಯಲ್ಲಿ ಕುಂಕುಮದ ಕಲೆ ಕಪ್ಪಗಾಗಿ ಉಳಿದಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮೊದಲು ನಗು ಬಂತು, ಅದರ ಹಿಂದೆಯೇ ಮೈ ಉರಿಯಿತು. ಇಷ್ಟು ವರ್ಷಗಳಾದರೂ ಆ ಕುರ್ಚಿಯ ಮೇಲಿನ ನನ್ನ ಸಿಟ್ಟು ಆರಿರಲಿಲ್ಲ.

ಅದು ನಮ್ಮ ದೊಡ್ಡ ಸರ್ ಅವರ ಕುರ್ಚಿ. ಅವರ ಕುರ್ಚಿ ಅಂದೆ, ಆದರೆ ಅವರು ಒಂದು ದಿನವೂ ಅದರ ಮೇಲೆ ಕೂತವರಲ್ಲ. ತಾವು ಸರಳ ಮನುಷ್ಯ ಎಂದು ತೋರಿಸಿಕೊಳ್ಳಲು ಅವರು ಒಂದು ಮರದ ಕುರ್ಚಿಯ ಮೇಲೆ ಟವೆಲ್ಲು ಮಡಚಿ ಹಾಕಿಕೊಂಡು ಕೂರುತ್ತಿದ್ದರು. ಬಂದವರಿಗೆಲ್ಲ ಆ ಟವೆಲ್ಲನ್ನು ತೋರಿಸದೆ ಬಿಡುತ್ತಿರಲಿಲ್ಲ.

ರಾಣೆಬೆನ್ನೂರಿನಲ್ಲೇ, ಬೀಜದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಕನ್ಸಲ್ಟನ್ಸಿ ಇತ್ತು. ವ್ಯಾಪಾರಸ್ಥರ ತೆರಿಗೆ ರಿಟರ್ನು, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟು, ಲೈಸೆನ್ಸು, ನೋಟಿಸು ಬಂದರೆ ಅದಕ್ಕೆ ಉತ್ತರ, ಎಲ್ಲವೂ ಅಲ್ಲಿ ಆಗುತ್ತಿತ್ತು. ಸಲಹೆ ಕೊಡುವುದು ದೊಡ್ಡ ಸರ್ ಕೆಲಸ, ಉಳಿದದ್ದೆಲ್ಲ ನಮ್ಮದು. ನಾನು ಹಾವೇರಿಯಲ್ಲಿ ಬಿ.ಕಾಂ ಮುಗಿಸಿ ನೇರವಾಗಿ ಅಲ್ಲಿಗೆ ಸೇರಿದ್ದೆ. ಕನ್ಸಲ್ಟನ್ಸಿ ಎಂಬ ಮಾತು ಕೇಳಿಯೇ ನಮ್ಮಪ್ಪ ಓಣಿಯಲ್ಲಿ ಎದೆ ಉಬ್ಬಿಸಿ ಓಡಾಡಿದ್ದರು. ಪಾಪ, ಅವರಿಗೇನು ಗೊತ್ತು.

ಸೇರಿದ ಮೊದಲ ದಿನವೇ ದೊಡ್ಡ ಸರ್ ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದ್ದರು: "ಇದು ಆಫೀಸ್ ಅಲ್ಲವ್ವಾ, ಮನಿ. ನಾವೆಲ್ಲ ಒಂದ ಫ್ಯಾಮಿಲಿ." ಈ ಮಾತಿನ ಅರ್ಥ ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಮನೆಯಲ್ಲಿ ಯಾರೂ ಪಗಾರ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಕತ್ತಲಾಯಿತು ಎಂದು ಎದ್ದು ಹೋಗುವುದಿಲ್ಲ. ಅದಕ್ಕೇ ಅದು ಮನೆ.

ಮಾರ್ಚ್ ಬಂದರೆ ನಮಗೆ ರವಿವಾರ ಎಂಬ ವಾರವೇ ಇರುತ್ತಿರಲಿಲ್ಲ. ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ಆ ದಿನ ಯಾರಾದರೊಬ್ಬರು ಅಲ್ಲಿನ ದಲಾಲಿ ಅಂಗಡಿಗಳಿಗೆ ತಿರುಗಿ ಬಿಲ್ಲುಗಳನ್ನು ಚೀಲದಲ್ಲಿ ತುಂಬಿಕೊಂಡು ಬರಬೇಕು. ಆ ಚೀಲ ಬಿಚ್ಚಿದರೆ ಇಡೀ ಆಫೀಸು ಸೀನುತ್ತಿತ್ತು. ದೊಡ್ಡ ಸರ್ ಕ್ಯಾಬಿನ್ನಿನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊಬೈಲು ಆಗಿನ್ನೂ ಹೊಸದು. ಅವರು ನಮಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು, ನಾವು ನಮ್ಮ ಕರೆನ್ಸಿಯಲ್ಲಿ ತಿರುಗಿ ಫೋನ್ ಮಾಡಿ ಬೈಸಿಕೊಳ್ಳುತ್ತಿದ್ದೆವು.

ನಾನು ದಿನಾಲೂ ಹಾವೇರಿಯಿಂದ ಹೋಗಿ ಬರುತ್ತಿದ್ದೆ. ಇದು ಅವರಿಗೆ ದೇವರೇ ಕೊಟ್ಟ ಅನುಕೂಲವಾಯಿತು. "ಹೆಂಗೂ ಹಾವೇರಿಗೆ ಹೊಂಟೀಯಲ್ಲ, ಇಷ್ಟು ಕೊಟ್ಟು ಹೋಗವಾ" ಎಂದು ಸಂಜೆ ಹೊರಡುವಾಗ ಕೈಗೆ ಫೈಲುಗಳ ಗಂಟು. ಬೆಳಿಗ್ಗೆ ತೆರಿಗೆ ಆಫೀಸು ತೆಗೆಯುವ ತನಕ ಬಾಗಿಲಲ್ಲಿ ಕಾಯ್ದು, ಅವನ್ನು ಕೊಟ್ಟು, ಆಮೇಲೆ ಬಸ್ಸು ಹಿಡಿದು ಹೋದರೆ ತಡವಾಯಿತೆಂದು ಅದೇ ದೊಡ್ಡ ಸರ್ ಗಡಿಯಾರ ನೋಡುತ್ತಿದ್ದರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರು ವ್ಯಾಪಾರಸ್ಥರು ನಮ್ಮ ಮನೆಗೇ ಬಂದು, ಹಾವೇರಿ ಬ್ರಾಂಚ್ ಇದೇ ಏನು ಎಂದು ನಮ್ಮವ್ವನನ್ನು ಕೇಳಿದ್ದರಂತೆ. ನಮ್ಮ ಪಡಸಾಲೆಯನ್ನೇ ದೊಡ್ಡ ಸರ್ ತಮ್ಮ ಹಾವೇರಿ ಬ್ರಾಂಚ್ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದರು! ಅವ್ವ ಅವರಿಗೆ ಚಹಾ ಮಾಡಿ ಕೊಟ್ಟು ಕಳಿಸಿದ್ದಳು.

ಪಗಾರ ಏರಿಸಿ ಎಂದು ಕೇಳಲು ಹೋದರೆ ಅವರಲ್ಲಿ ಒಂದು ಪದ್ಧತಿ ಇತ್ತು. ಮೊದಲು ಕೂರಿಸುವುದು, ಆಮೇಲೆ ಎದುರಿನ ಚಹಾದಂಗಡಿಯಿಂದ ಮಂಡಕ್ಕಿ ಗಿರ್ಮಿಟ್ ತರಿಸುವುದು, ಜೊತೆಗೆ ಬಿಸಿ ಮಿರ್ಚಿ. ನಾವು ತಿನ್ನುವಾಗ ಮನೆಯವರೆಲ್ಲರ ಹೆಸರು ಹಿಡಿದು ಆರೋಗ್ಯ ಕೇಳುತ್ತಿದ್ದರು. ಪ್ಲೇಟು ಖಾಲಿಯಾಗುವ ಹೊತ್ತಿಗೆ ಅವರಿಗೊಂದು ಫೋನು ಬರುತ್ತಿತ್ತು, ನಾವು ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದೆವು. ಕ್ಯಾಬಿನ್ನಿಗೆ ಗಿರ್ಮಿಟ್ ಹೋಯಿತೆಂದರೆ ಹೊರಗೆ ಕೂತವರಿಗೆ ಎಲ್ಲ ತಿಳಿದುಬಿಡುತ್ತಿತ್ತು. ಜನ್ಮದಲ್ಲಿ ಇನ್ನೊಮ್ಮೆ ಗಿರ್ಮಿಟ್ ಮುಟ್ಟಬಾರದು ಎನ್ನುವಷ್ಟು ನಾನು ಆ ಕ್ಯಾಬಿನ್ನಿನಲ್ಲಿ ತಿಂದಿದ್ದೇನೆ.

ಹಾಗಂತ ಬಡ್ತಿ ಇರಲಿಲ್ಲವೆಂದಲ್ಲ. ಇತ್ತು, ಧಾರಾಳವಾಗಿ ಇತ್ತು. ನಮ್ಮ ಆಫೀಸಿನಲ್ಲಿ ಬಡ್ತಿಯೆಂದರೆ ಕುರ್ಚಿ ಬದಲಾಗುವುದು. ಹೊಸದಾಗಿ ಸೇರಿದವರಿಗೆ ಬೆನ್ನಿಲ್ಲದ ಮರದ ಸ್ಟೂಲು. ಅದರ ಮೇಲೆ ಮಡಚುವ ಕಬ್ಬಿಣದ ಕುರ್ಚಿ, ಆಮೇಲೆ ಕೈ ಇರುವ ಪ್ಲಾಸ್ಟಿಕ್ ಕುರ್ಚಿ, ಅದಕ್ಕೂ ಮೇಲೆ ಬೆತ್ತದ ಕುರ್ಚಿ. "ಪಗಾರ ಏರಿದ್ರ ಯಾರಿಗೆ ಕಾಣತೈತಿ? ಕುರ್ಚಿ ಏರಿದ್ರ ಬಂದವ್ರಿಗೆಲ್ಲಾ ಕಾಣತೈತಿ" ಎನ್ನುತ್ತಿದ್ದರು. ಹೇಳುವಾಗ ಮುಖದಲ್ಲಿ ಎಳ್ಳಷ್ಟೂ ನಾಚಿಕೆ ಇರುತ್ತಿರಲಿಲ್ಲ.

ಇದೆಲ್ಲ ದೀಪಾವಳಿ ಅಮಾವಾಸ್ಯೆಯ ಸಂಜೆ, ಲಕ್ಷ್ಮೀಪೂಜೆಯ ಹೊತ್ತಿಗೆ ನಡೆಯುತ್ತಿತ್ತು. ಬೇರೆ ಅಂಗಡಿಗಳಲ್ಲಿ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಪೂಜೆ ಮಾಡುತ್ತಿದ್ದರೆ ನಮ್ಮಲ್ಲಿ ಕಂಪ್ಯೂಟರಿಗೂ ಕುರ್ಚಿಗಳಿಗೂ ಪೂಜೆ. ಆರತಿ ಮುಗಿದ ಮೇಲೆ ದೊಡ್ಡ ಸರ್ ಒಬ್ಬೊಬ್ಬರ ಕೈ ಹಿಡಿದು ಕರೆದೊಯ್ದು ಚೆಂಡುಹೂ ಕಟ್ಟಿದ ಹೊಸ ಕುರ್ಚಿಯ ಮೇಲೆ ಕೂರಿಸುತ್ತಿದ್ದರು. ಚಪ್ಪಾಳೆ, ಫೋಟೋ, ಫಳಾರ. ನನಗೆ ಸ್ಟೂಲಿನಿಂದ ಕಬ್ಬಿಣದ ಕುರ್ಚಿಗೆ ಬಡ್ತಿ ಸಿಕ್ಕ ವರ್ಷ ನಮ್ಮಪ್ಪ ಓಣಿಗೆಲ್ಲ ಪೇಢೆ ಹಂಚಿದ್ದರು. ಪಗಾರ ಇದ್ದಲ್ಲೇ ಇದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಹಸಿರು ತಿರುಗುವ ಕುರ್ಚಿ ಇವೆಲ್ಲಕ್ಕೂ ಮೇಲಿನದು. ಅದನ್ನು ದೊಡ್ಡ ಸರ್ ತಾವೇ ಹುಬ್ಬಳ್ಳಿಯಿಂದ ತಂದಿದ್ದರು. ಬಾಂಬೆ ಮಾಲು ಎಂದು ಹೇಳಿ, ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ ಕಿಟಕಿಯ ಹತ್ತಿರ ಇಟ್ಟಿದ್ದರು. ಬ್ಯಾಡಗಿಯಲ್ಲಿ ಬ್ರಾಂಚ್ ತೆಗೆದಾಗ ಅಲ್ಲಿನ ಮುಖ್ಯಸ್ಥ ಅದರ ಮೇಲೆ ಕೂರುತ್ತಾನೆ ಎಂಬುದು ಅವರ ಮಾತು. ಅಲ್ಲಿಯ ತನಕ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಧೂಳನ್ನು ಕೂಡ ಅವರೇ ಒರೆಸುತ್ತಿದ್ದರು.

ಅದರ ಮೇಲೆ ಯಾರು ಕೂರಬೇಕು ಎಂಬ ಬಗ್ಗೆ ಆಫೀಸಿನಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ನಮ್ಮೆಲ್ಲರಿಗಿಂತ ಹಿರಿಯರೊಬ್ಬರು ಅಲ್ಲಿದ್ದರು, ಮೋಟೆಬೆನ್ನೂರಿನವರು. ಎಲ್ಲರೂ ಅವರನ್ನು ಅಣ್ಣಾರು ಎನ್ನುತ್ತಿದ್ದೆವು. ಕನ್ಸಲ್ಟನ್ಸಿಯ ಬೋರ್ಡು ಹಾಕಿದ ದಿನದಿಂದ ಇದ್ದವರು. ಸ್ಟೂಲಿನ ಮೇಲೆ ಕೂತು ಕೂತು ಬೆನ್ನು ಹಾಳು ಮಾಡಿಕೊಂಡ ಮೇಲೆ ಅವರಿಗೆ ಬೆತ್ತದ ಕುರ್ಚಿ ಸಿಕ್ಕಿತ್ತು. ಬ್ಯಾಡಗಿಯ ದಲಾಲರು ದೊಡ್ಡ ಸರ್ ಮುಖ ನೋಡಿ ಬರುತ್ತಿರಲಿಲ್ಲ, ಅಣ್ಣಾರ ಮೇಲಿನ ನಂಬಿಕೆಗೆ ಬರುತ್ತಿದ್ದರು. "ಬ್ರಾಂಚ್ ಆದ ದಿನ ಆ ಕುರ್ಚಿ ನಿಂದು, ಪಗಾರಾನೂ ಬ್ಯಾರೆ" ಎಂದು ದೊಡ್ಡ ಸರ್ ನಮ್ಮೆಲ್ಲರ ಎದುರಿಗೇ ಅವರಿಗೆ ಹೇಳಿದ್ದರು. ವರ್ಷವರ್ಷವೂ ಹೇಳುತ್ತಿದ್ದರು. ಹೀಗೆ ಮೂಗಿಗೆ ತುಪ್ಪ ಸವರುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಅಣ್ಣಾರಿಗೆ ಒಬ್ಬಳೇ ಮಗಳು. ಆಗ ಪಿಯುಸಿ ಓದುತ್ತಿದ್ದಳು. ಅವಳನ್ನು ಧಾರವಾಡದಲ್ಲಿ ನರ್ಸಿಂಗ್ ಓದಿಸಬೇಕೆಂಬುದು ಅಪ್ಪ ಮಗಳಿಬ್ಬರ ಆಸೆ. ಇದ್ದ ಪಗಾರದಲ್ಲಿ ಹಾಸ್ಟೆಲ್ಲು, ಫೀಸು ಆಗುವ ಮಾತಲ್ಲ. ಬ್ರಾಂಚ್ ಆದರೆ ಆಗುತ್ತಿತ್ತು. ಊಟದ ಡಬ್ಬಿ ಬಿಚ್ಚುವಾಗೆಲ್ಲ ಅವರು ಕಿಟಕಿಯ ಕಡೆ ನೋಡಿ, "ಬ್ರಾಂಚ್ ಒಂದು ಆಗಲಿ ತಂಗಿ, ನಮ್ಮ ಹುಡುಗಿ ಬಿಳೀ ಅರಿವಿ ಹಾಕ್ಕೊಂಡು ದವಾಖಾನಿಯಾಗ ಓಡ್ಯಾಡತಾಳ" ಎನ್ನುತ್ತಿದ್ದರು. ಹೇಳುವಾಗ ರೊಟ್ಟಿ ಕೈಯಲ್ಲೇ ಉಳಿದಿರುತ್ತಿತ್ತು.

ಆಮೇಲೆ ವ್ಯಾಟ್ ಬಂತು. ಹಳೆಯ ಮಾರಾಟ ತೆರಿಗೆ ಹೋಗಿ ಹೊಸ ಪದ್ಧತಿ. ಇಡೀ ಬ್ಯಾಡಗಿ ಪೇಟೆ ಗಾಬರಿಯಾಗಿ ನಮ್ಮ ಬಾಗಿಲಿಗೆ ಬಂತು. ದೊಡ್ಡ ಸರ್‌ಗೆ ಹಬ್ಬವೋ ಹಬ್ಬ. ನಾವು ಗಾಣದ ಎತ್ತಿನ ಹಾಗೆ ದುಡಿದೆವು. ಅಣ್ಣಾರಂತೂ ಮನೆಗೆ ಹೋಗುತ್ತಿದ್ದರೋ ಇಲ್ಲವೋ... ಒಂದು ದಿನ ಮೇಜಿನಿಂದ ಏಳಲಾಗದೆ, ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ದೊಡ್ಡ ಸರ್ ಬಂದು ನೋಡಿ, ಎಲ್ಲರಿಗೂ ಕೇಳುವಂತೆ, ನಿಷ್ಠೆ ಎಂದರೆ ಇದು ಎಂದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಮಾತ್ರ ಹೇಳಲಿಲ್ಲ.

ಆ ವರ್ಷವೇ ಬ್ಯಾಡಗಿಯಲ್ಲಿ ಮಾರ್ಕೆಟ್ ಯಾರ್ಡಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದರು. ದೀಪಾವಳಿಯ ಪೂಜೆಯೂ ಅಲ್ಲೇ ಎಂದಾಯಿತು. ತಿರುಗುವ ಕುರ್ಚಿ ರಾಣೆಬೆನ್ನೂರಿನಿಂದ ಟೆಂಪೋದಲ್ಲಿ ಬಂತು. ನಾವೆಲ್ಲ ಹೋದೆವು. ಬಾಗಿಲಿಗೆ ಬಾಳೆಕಂಬ, ಒಳಗೆ ಕಬ್ಬು, ಹೂ, ಊದಿನಕಡ್ಡಿಯ ಹೊಗೆ, ಅದರೊಳಗೆ ಹೊರಗಿನ ಮೆಣಸಿನಕಾಯಿ ಘಾಟು. ಕೂರುವ ಜಾಗದ ಪ್ಲಾಸ್ಟಿಕ್ಕನ್ನು ಅಂದು ಮೊದಲ ಸಲ ಬಿಚ್ಚಿದರು. ಅಣ್ಣಾರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳು ಹೊಸ ಚೂಡಿದಾರ ತೊಟ್ಟು ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ಅವರು ಬೆವರಿದ ಕೈಯನ್ನು ಕರ್ಚೀಫಿಗೆ ಒರೆಸಿಕೊಳ್ಳುತ್ತಲೇ ಇದ್ದರು.

ಆರತಿ ಆಯಿತು. ದೊಡ್ಡ ಸರ್ ಗ್ರೋಥ್ ಎಂದರು, ಫ್ಯಾಮಿಲಿ ಎಂದರು, ಎಲ್ಲಿಂದ ಎಲ್ಲಿಗೆ ಬಂದೆವು ನೋಡಿ ಎಂದರು. ಆಮೇಲೆ ಪೇಪರಿನಲ್ಲಿ ಸುತ್ತಿದ್ದ ದೊಡ್ಡದೊಂದು ಕಟ್ಟನ್ನು ತರಿಸಿದರು. ಅಣ್ಣಾರ ಹೆಸರು ಬರೆಸಿದ ಬೋರ್ಡು ಇರಬೇಕು ಎಂದು ನಾನು ಅವರ ಮಗಳ ಕಿವಿಯಲ್ಲಿ ಹೇಳಿದೆ. ಪೇಪರು ಬಿಚ್ಚಿದರೆ ಒಳಗಿದ್ದದ್ದು ದೊಡ್ಡ ಸರ್ ಅವರ ತೀರಿಹೋದ ಅಪ್ಪನ ಫೋಟೋ. ರುಮಾಲು, ದಪ್ಪ ಮೀಸೆ, ಬಂಗಾರದ ಬಣ್ಣದ ಚೌಕಟ್ಟು. ಅದನ್ನು ಒಯ್ದು ತಿರುಗುವ ಕುರ್ಚಿಯ ಮೇಲೆ ಆನಿಸಿಟ್ಟು, ಹಾರ ಹಾಕಿ, ಕುರ್ಚಿಯ ಬೆನ್ನಿಗೆ ಕುಂಕುಮ ಹಚ್ಚಿದರು.

"ಇವತ್ತಿಂದ ಬ್ಯಾಡಗಿ ಬ್ರಾಂಚಿಗೆ ನಮ್ಮ ಅಪ್ಪಾರೇ ಹೆಡ್ಡು. ಅವರ ನೆರಳಾಗ ನಾವೆಲ್ಲಾ ಸಮ" ಎಂದರು. ಕಣ್ಣಲ್ಲಿ ನೀರು ಬೇರೆ!

ರೂಢಿಯಂತೆ ಚಪ್ಪಾಳೆ ಬಿತ್ತು. ಅಣ್ಣಾರೂ ತಟ್ಟಿದರು. ಮಗಳು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು... ನಾನು ಎತ್ತಲೋ ನೋಡಿದೆ. ಪಕ್ಕದ ಅಂಗಡಿಯ ದಲಾಲರೊಬ್ಬರು ಫಳಾರ ತೆಗೆದುಕೊಂಡು ಹೊರಡುವಾಗ ಮೆಲ್ಲಗೆ, "ಸತ್ತಾವ್ರಿಗೆ ಪಗಾರ ಕೊಡೂದಿರೂದಿಲ್ಲ. ಬರೋಬ್ಬರಿ ಆರಿಸ್ಯಾರ ನಿಮ್ಮ ಸಾಹೇಬ್ರು" ಎಂದು ಹೇಳಿ ಹೋದರು.

ಬ್ರಾಂಚಿನ ಕೆಲಸವೆಲ್ಲ ಅಣ್ಣಾರ ತಲೆಯ ಮೇಲೆಯೇ ಬಂತು. ಬೆತ್ತದ ಕುರ್ಚಿ ರಾಣೆಬೆನ್ನೂರು ಆಫೀಸಿನದು, ಅದನ್ನು ಅಲ್ಲಿ ಮತ್ತೊಬ್ಬರಿಗೆ ಬಡ್ತಿಯಾಗಿ ಕೊಟ್ಟರು. ಬ್ಯಾಡಗಿಗೆ ಕಳಿಸಿದ್ದು ಒಂದು ಸ್ಟೂಲು. ಬಂದ ಗಿರಾಕಿಗಳು ಖಾಲಿ ಕುರ್ಚಿ ಎಂದು ಕೂರಲು ಹೋಗಿ, ಫೋಟೋ ಕಂಡು ಗಾಬರಿಯಾಗಿ ಕೈ ಮುಗಿಯುತ್ತಿದ್ದರು. ಅದರ ಎದುರಿಗೆ ಅಣ್ಣಾರು ಬೆನ್ನು ಬಾಗಿಸಿ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಫೋಟೋವನ್ನು ಗೋಡೆಗೆ ತೂಗು ಹಾಕಿ ಕೂತುಕೊಳ್ಳಿ ಎಂದು ನಾನು ಜಗಳವಾಡಿದೆ.

"ಬ್ಯಾಡ ತಂಗಿ. ಹಿರ್ಯಾರ ಫೋಟೋ ಎಬ್ಬಿಸಿ ಕುಂದ್ರೂದು ಚೊಲೋ ಅಲ್ಲ" ಎಂದರು.

ಇದನ್ನು ದೊಡ್ಡ ಸರ್ ಚೆನ್ನಾಗಿ ಬಲ್ಲವರಾಗಿದ್ದರು. ಅಳಿಯನನ್ನೋ ಮಗನನ್ನೋ ತಂದು ಕೂರಿಸಿದ್ದರೆ ನಾವು ಬೈಯಬಹುದಿತ್ತು, ಅಣ್ಣಾರೂ ಒಂದು ಮಾತು ಕೇಳುತ್ತಿದ್ದರೇನೋ. ಹಾರ ಹಾಕಿದ ಫೋಟೋದ ಜೊತೆ ಯಾರು ಜಗಳವಾಡುತ್ತಾರೆ? ಒಬ್ಬ ಸಂಭಾವಿತನ ಮರ್ಯಾದೆಯನ್ನೇ ಅವನ ಕಾಲಿಗೆ ಕಟ್ಟಿ ಹಾಕುವುದು ಎಂದರೆ ಅದೇ. ಎಷ್ಟೋ ಲುಚ್ಚರನ್ನು ನೋಡಿದ್ದೇನೆ, ಇಷ್ಟು ಭಕ್ತಿಯಿಂದ ಪಂಗನಾಮ ಹಾಕುವವರನ್ನು ನೋಡಿಲ್ಲ.

ನಾನು ಕ್ಯಾಬಿನ್ನಿಗೆ ಹೋದೆ. ಗಿರ್ಮಿಟ್ ಬಂತು. ಮುಟ್ಟಲಿಲ್ಲ. "ಅಣ್ಣಾರಿಗೆ ಕೊಟ್ಟ ಮಾತು ಏನಾತ್ರಿ ಸರ್?" ಎಂದು ಕೇಳಿದೆ.

"ಮಾತು ಎಲ್ಲಿ ಹೋಗೇತಿ? ಐತಲ್ಲ. ಮುಂದಿನ ದೀಪಾವಳಿಗೆ ನೋಡೋಣು. ನೀ ತಿನ್ನವಾ, ಆರತೈತಿ" ಎಂದರು.

ಆ ಪ್ಲೇಟನ್ನು ಹಾಗೇ ಬಿಟ್ಟು ಎದ್ದು ಬಂದೆ. ಆ ತಿಂಗಳಿಗೇ ಕೆಲಸ ಬಿಟ್ಟೆ. ಬೀಳ್ಕೊಡುವಾಗ ದೊಡ್ಡ ಸರ್, ಮನೆಮಗಳು ಗಂಡನ ಮನೆಗೆ ಹೋದಂತಾಯಿತು ಎಂದು ಕಣ್ಣೊರೆಸಿಕೊಂಡರು. ಹಾವೇರಿಯಲ್ಲಿ, ಅವರ ಬ್ರಾಂಚ್ ಆಗಿದ್ದ ನಮ್ಮ ಪಡಸಾಲೆಯಲ್ಲೇ ನಾನು ಸ್ವಂತ ಆಫೀಸು ತೆಗೆದೆ. ಇವತ್ತು ನಾನು ಅನ್ನ ತಿನ್ನುತ್ತಿರುವ ವಿದ್ಯೆ ಅವರ ಆಫೀಸಿನದೇ, ಇಲ್ಲ ಅನ್ನುವುದಿಲ್ಲ. ಕಲಿಸಿದ್ದು ಮಾತ್ರ ಅಣ್ಣಾರು.

ಮುಂದಿನ ದೀಪಾವಳಿ ಬಂತು, ಅದರ ಮುಂದಿನದೂ ಬಂತು. ಫೋಟೋ ಏಳಲಿಲ್ಲ. ಅಣ್ಣಾರ ಮಗಳು ಬ್ಯಾಡಗಿಯಲ್ಲೇ ಬಿ.ಎ.ಗೆ ಸೇರಿದಳು, ಅದು ಮುಗಿಯುವ ಮೊದಲೇ ಮದುವೆಯಾಯಿತು. ಮದುವೆಯಲ್ಲಿ ದೊಡ್ಡ ಸರ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಊಟಕ್ಕೂ ಮೊದಲ ಪಂಕ್ತಿ.

ಕೆಲವು ವರ್ಷಗಳ ಮೇಲೆ ದೊಡ್ಡ ಸರ್ ಹೃದಯಾಘಾತದಿಂದ ತೀರಿಕೊಂಡರು. ಹೋಗಬಾರದು ಅಂದುಕೊಂಡಿದ್ದೆ, ಆದರೂ ಹೋದೆ. ಬ್ಯಾಡಗಿಯ ಬ್ರಾಂಚು ಅಷ್ಟು ಹೊತ್ತಿಗೆ ಮುಚ್ಚಿತ್ತು, ಸಾಮಾನೆಲ್ಲ ಅವರ ಮನೆ ಸೇರಿತ್ತು. ಒಳಗೆ ಕಾಲಿಟ್ಟರೆ ಪಡಸಾಲೆಯ ನಡುವೆ ಅದೇ ಹಸಿರು ಕುರ್ಚಿ. ಅದರ ಮೇಲೆ ಈಗ ದೊಡ್ಡ ಸರ್ ಅವರದೇ ಫೋಟೋ, ಹಾರ, ಮುಂದೆ ದೀಪ. ಬೇರೆಲ್ಲಿ ಇಡಬೇಕೆಂದು ಮನೆಯವರಿಗೆ ತೋಚಿರಲಿಲ್ಲವೇನೋ. ಅಣ್ಣಾರು ಕೈ ಮುಗಿದು ನಿಂತಿದ್ದರು. ನಾನು ಪಕ್ಕಕ್ಕೆ ಹೋಗಿ ನಿಂತ ಮೇಲೆ, ಮುಖದ ಭಾವ ಒಂದಿಷ್ಟೂ ಬದಲಾಗದೆ, ತುಟಿ ಮಾತ್ರ ಅಲುಗಿಸಿ ಹೇಳಿದರು:

"ಕಡೀಗೂ ಸರ್‌ಗ ಬಡ್ತಿ ಸಿಕ್ತು ನೋಡು ತಂಗಿ."

ಸೆರಗು ಬಾಯಿಗೆ ಒತ್ತಿ ಹಿಡಿದುಕೊಂಡು ಹೊರಗೆ ಓಡಿದೆ. ನಾನು ಅಳುತ್ತಿದ್ದೇನೆಂದು ಯಾರೋ ನೀರು ತಂದುಕೊಟ್ಟರು. ಅಣ್ಣಾರ ಬಾಯಿಂದ ದೊಡ್ಡ ಸರ್ ಬಗ್ಗೆ ನಾನು ಕೇಳಿದ ಒಂದೇ ಒಂದು ಕಟು ಮಾತು ಅದು. ಅಷ್ಟು ವರ್ಷ ಅದನ್ನು ಎಲ್ಲಿ ಇಟ್ಟುಕೊಂಡಿದ್ದರೋ...

ಕನ್ಸಲ್ಟನ್ಸಿ ಮುಚ್ಚಿದ ಮೇಲೆ ಅಣ್ಣಾರು ನನ್ನ ಆಫೀಸಿಗೆ ಬರತೊಡಗಿದರು. ಅವರಿಗೆಂದೇ ಒಂದು ಒಳ್ಳೆಯ ಮೆತ್ತನೆಯ ಕುರ್ಚಿ ತರಿಸಿದ್ದೆ. ಒಂದು ದಿನ ಕೂತರು, ಎರಡನೆಯ ದಿನದಿಂದ ಮೂಲೆಯ ಸ್ಟೂಲನ್ನು ತಾವೇ ಎಳೆದುಕೊಂಡರು. "ಮೆತ್ತಗಿದ್ದದ್ದು ಬೆನ್ನಿಗೆ ಒಗ್ಗವಲ್ದು ತಂಗಿ, ಸಿಟ್ಟು ಮಾಡ್ಕೋಬ್ಯಾಡ" ಎಂದರು. ಸಿಟ್ಟು ಬಂತು, ಅವರ ಮೇಲಲ್ಲ. ಹಸಿರು ಕುರ್ಚಿಯ ಮೇಲೆ ಹಾರ ಹಾಕಿಸಿಕೊಂಡಿದ್ದ ಆ ಮನುಷ್ಯನನ್ನು ಮನಸ್ಸಿನಲ್ಲೇ ಕೆಟ್ಟ ಮಾತಿನಲ್ಲಿ ಬೈದೆ. ಅಣ್ಣಾರೂ ಹೋದ ಮಳೆಗಾಲದಲ್ಲಿ ತೀರಿಕೊಂಡರು.

"ಕುಂತು ನೋಡ್ರಿ ಮೇಡಮ್" ಎಂದು ಅಂಗಡಿಯವರು ಆ ಕುರ್ಚಿಯನ್ನು ಹೊರಗೆ ಎಳೆದು ಬಟ್ಟೆಯಿಂದ ಒರೆಸಿದರು. "ಹೊಸಾದಿದ್ದಂಗ ಐತ್ರಿ. ಇದರ ಮ್ಯಾಲ ಇನ್ನೂ ಯಾರೂ ಕುಂತಿಲ್ಲಂತ. ಬರೇ ಫೋಟೋ ಇಡಾಕ ಇಟ್ಟಿದ್ರಂತ."

ನನಗೆ ಕಪಾಟು ಬೇಕಿತ್ತು, ಕುರ್ಚಿ ಬೇಕಿರಲಿಲ್ಲ. ಆದರೂ ಹೋಗಿ, ಪ್ಲಾಸ್ಟಿಕ್ ಸುತ್ತಿದ ಕೈಗಳನ್ನು ಹಿಡಿದು, ಬೇಕೆಂದೇ ಭಾರ ಬಿಟ್ಟು ಕೂತೆ. ಕೂತ ಕೂಡಲೇ ಕುರ್ಚಿ ಸರ್ರನೆ ಕೆಳಗಿಳಿಯಿತು. ನನ್ನ ಮೊಣಕಾಲುಗಳು ಎದೆಯ ಹತ್ತಿರ ಬಂದವು. ಸ್ಟೂಲಿಗಿಂತಲೂ ಕೆಳಗೆ ಹೋಗಿ ಕೂತಿದ್ದೆ. ಅಂಗಡಿಯವರು ಗಾಬರಿಯಾಗಿ ನನ್ನನ್ನು ಎಬ್ಬಿಸಿ, ಕುರ್ಚಿಯನ್ನು ಉರುಳಿಸಿ ಅಡಿಯಲ್ಲಿ ನೋಡಿದರು.

"ಸೆಕೆಂಡ್ಸ್ ಮಾಲು ಐತ್ರಿ ಇದು. ಫ್ಯಾಕ್ಟರಿಯಾಗ ತೆಗದು ಒಗದದ್ದು. ಮೊದಲಿಂದಾನೂ ಹಿಂಗ ಇದ್ದಿರಬೇಕು. ಯಾರರ ಕುಂತಿದ್ರ ಅವತ್ತ ಗೊತ್ತಾಗತಿತ್ತು" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಬಾಂಬೆ ಮಾಲು! ನಗುತ್ತಲೇ, ಕೇಳಿದಿರೇನ್ರಿ ಅಣ್ಣಾರ, ಎಂದು ಪಕ್ಕಕ್ಕೆ ತಿರುಗಿದೆ. ಅಲ್ಲಿ ಶಾಲೆಯ ಹಳೆಯ ಬೆಂಚುಗಳಷ್ಟೇ ಇದ್ದವು.